ಗ್ಯಾಂಗ್‌ಸ್ಟರ್ ಚಿತ್ರದಲ್ಲಿ ಹಿನ್ನೆಲೆ ಸಂಗೀತವೂ ಕಾಲಗೀತೆಗಳೂ: ‘ದಿ ಗಾಡ್‌ಫಾದರ್’ ಕುರಿತ ವಿಚಾರ

ದೃಶ್ಯಕಾವ್ಯದಲ್ಲಿ ಗೀತವಾದ್ಯಗಳಿಗೆ ಇರತಕ್ಕ ಸ್ಥಾನವನ್ನು ನಮ್ಮ ಪ್ರಾಚೀನ ಲಾಕ್ಷಣಿಕರು ಬಹು ಸೂಕ್ಷ್ಮವಾಗಿ ವಿಚಾರಮಾಡಿದ್ದಾರೆ. ಭರತನ ನಾಟ್ಯಶಾಸ್ತ್ರದಲ್ಲಿ ಧ್ರುವಾಗಾನಕ್ಕೇ ಒಂದು ದೀರ್ಘವಾದ ಅಧ್ಯಾಯವು ಮೀಸಲಾಗಿದೆ. ಪಾತ್ರದ ಪ್ರವೇಶಕ್ಕೆ ಪ್ರಾವೇಶಿಕೀ, ನಿರ್ಗಮನಕ್ಕೆ ನೈಷ್ಕ್ರಾಮಿಕೀ, ನಡೆಯುತ್ತಿರುವ ರಸವನ್ನು ತಡೆದು ಬೇರೊಂದನ್ನು ತರುವುದಕ್ಕೆ ಆಕ್ಷೇಪಿಕೀ, ಕಲಕಿದ ಮನಸ್ಸನ್ನು ತಿಳಿಗೊಳಿಸುವುದಕ್ಕೆ ಪ್ರಾಸಾದಿಕೀ, ನಡುವಣ ತೆರಪನ್ನು ತುಂಬುವುದಕ್ಕೆ ಅಂತರಾ ಎಂದು ಧ್ರುವೆಗಳು ಐದು ಬಗೆ. ಹಾಡು ನಾಟಕಕ್ಕೆ ತೊಡಿಸಿದ ಒಡವೆಯಲ್ಲ, ಅದರ ಅಂಗವೇ ಆಗಿದೆ ಎಂಬುದು ಈ ವಿಭಾಗದ ತಾತ್ಪರ್ಯ. ವಾಕ್ಚಿತ್ರದ ವಿಷಯದಲ್ಲಾದರೋ ಸಂಗೀತವನ್ನು ಕೇವಲ ಅಲಂಕಾರವೆಂದು ಎಣಿಸುವ ವಾಡಿಕೆ ಇನ್ನೂ ಪೂರ್ಣವಾಗಿ ಹೋಗಿಲ್ಲ. ಅದು ಅಲಂಕಾರಮಾತ್ರವಲ್ಲ, ಒಮ್ಮೊಮ್ಮೆ ಚಿತ್ರದ ಧರ್ಮಾಧರ್ಮವಿವೇಚನೆಯೇ ಅದರಲ್ಲಿ ಅಡಗಿರುವುದುಂಟು ಎಂಬುದನ್ನು ಒಂದು ಪ್ರಸಿದ್ಧ ಚಿತ್ರದ ಆಧಾರದಿಂದ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಎರಡು ಪದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ಚಿತ್ರದ ಪಾತ್ರಗಳ ಕಿವಿಗೆ ಬೀಳದೆ ಪ್ರೇಕ್ಷಕರಿಗೆ ಮಾತ್ರ ಕೇಳಿಸುವ ಸಂಗೀತವನ್ನು ಹಿನ್ನೆಲೆ ಸಂಗೀತವೆನ್ನೋಣ. ಕಥೆ ನಡೆಯುವ ಕಾಲದಲ್ಲಿ ಜನರ ಬಾಯಲ್ಲಿಯೂ ರೇಡಿಯೋ ಗ್ರಾಮಾಫೋನುಗಳಲ್ಲಿಯೂ ಬಳಕೆಯಲ್ಲಿದ್ದು, ಬಹುಮಟ್ಟಿಗೆ ಪಾತ್ರಗಳಿಗೂ ಕೇಳಿಸುವ ಹಾಡುಗಳನ್ನು ಕಾಲಗೀತೆಗಳೆನ್ನೋಣ. ಮೊದಲನೆಯದು ಕಥೆಯ ಹೊರಗೆ ನಿಂತು ಕಥೆಯನ್ನು ನೋಡುತ್ತದೆ. ಎರಡನೆಯದು ಕಥೆಯ ಒಳಗೇ ವಾಸಮಾಡುತ್ತದೆ.

ಪಾತಕಿಗಳ ಕೂಟವನ್ನು ಕುರಿತ ಅಮೆರಿಕದ ಚಿತ್ರಗಳಲ್ಲಿ ಕಾಲಗೀತೆಯ ಪ್ರಯೋಗವು ವಾಕ್ಚಿತ್ರದ ಮೊದಲ ವರ್ಷಗಳಿಂದಲೂ ಕಂಡುಬರುತ್ತದೆ. ೧೯೩೧ರ ‘ದಿ ಪಬ್ಲಿಕ್ ಎನಿಮಿ’ಯ ಕೊನೆಯಲ್ಲಿ, ಮಗನು ಮನೆಗೆ ಬರುವನೆಂದು ತಾಯಿ ಹಾಸಿಗೆಯನ್ನು ಅಣಿಮಾಡುತ್ತಿರುವಾಗ, ಗ್ರಾಮಾಫೋನಿನಲ್ಲಿ ಆಗ ಜನಪ್ರಿಯವಾಗಿದ್ದ ಒಂದು ಹಗುರವಾದ ಹಾಡು ನಡೆಯುತ್ತಿರುತ್ತದೆ; ಬಾಗಿಲು ತೆರೆದರೆ ಒಳಕ್ಕೆ ಬೀಳುವುದು ಮಗನ ಹೆಣ. ೧೯೩೨ರ ‘ಸ್ಕಾರ್ಫೇಸ್’ನಲ್ಲಿ ನಾಯಕನು ಕೊಲೆಗೆ ಮುಂಚೆ ಡೊನಿಜೆಟ್ಟಿಯ ‘ಲುಚಿಯಾ ದಿ ಲಾಮ್ಮೆರ್ಮೂರ್’ ಎಂಬ ಗೀತನಾಟಕದ ಒಂದು ಮಟ್ಟನ್ನು ಸಿಳ್ಳಿನಲ್ಲಿ ನುಡಿಸುತ್ತಾನೆ. ಈ ಎರಡು ಕಡೆಯೂ ಹಾಡಿನ ಉಲ್ಲಾಸಕ್ಕೂ ಕೃತ್ಯದ ಭೀಕರತೆಗೂ ಇರುವ ವಿರೋಧವೇ ರಸಕ್ಕೆ ಕಾರಣ. ಬಹುಕಾಲಾನಂತರ, ೧೯೯೦ರಲ್ಲಿ, ಮಾರ್ಟಿನ್ ಸ್ಕೋರ್ಸೇಸಿಯವರು ‘ಗುಡ್‌ಫೆಲಾಸ್’ ಚಿತ್ರಕ್ಕೆ ಹೊಸದಾಗಿ ಹಿನ್ನೆಲೆ ಸಂಗೀತವನ್ನೇ ಮಾಡಿಸದೆ ಕೇವಲ ಹಿಂದಿನ ಹಾಡುಗಳಿಂದಲೇ ಕಾರ್ಯವನ್ನು ಸಾಧಿಸಿದರು. ಎರಡು ಬಗೆಯ ಸಂಗೀತವನ್ನೂ ಸಮಬಲದಿಂದ ದುಡಿಸಿಕೊಂಡ ಚಿತ್ರವೆಂದರೆ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರು ನಿರ್ದೇಶಿಸಿದ ೧೯೭೨ರ ‘ದಿ ಗಾಡ್‌ಫಾದರ್’.

ಅದರ ಕಥೆ ೧೯೪೫ರಿಂದ ೧೯೫೫ರವರೆಗಿನದು. ಸಿಸಿಲಿಯಿಂದ ಬಂದು ನ್ಯೂಯಾರ್ಕಿನಲ್ಲಿ ನೆಲಸಿ ಪಾತಕಸಾಮ್ರಾಜ್ಯವನ್ನು ಕಟ್ಟಿದ ವೀಟೋ ಕೊರ್ಲಿಯೋನೆ, ಅದರಿಂದ ದೂರವಿರಬೇಕೆಂದಿದ್ದು ಕೊನೆಗೆ ಅದಕ್ಕೇ ಒಡೆಯನಾಗುವ ಅವನ ಮಗ ಮೈಕೇಲ್—ಇವರಿಬ್ಬರು ಮುಖ್ಯಪಾತ್ರಗಳು. ಹಿನ್ನೆಲೆ ಸಂಗೀತವನ್ನು ರಚಿಸಿದವರು ಇಟಲಿಯ ನೀನೋ ರೋಟಾ. ಮದುವೆಯ ಸಂದರ್ಭದ ವಾದ್ಯಗಳನ್ನು ಅಣಿಗೊಳಿಸಿದವರು ನಿರ್ದೇಶಕರ ತಂದೆ ಕಾರ್ಮೈನ್ ಕೊಪ್ಪೊಲಾ. ಹೀಗೆ ಎರಡು ಸಂಗೀತಗಳು ಎರಡು ಕೈಗಳಿಂದ ಬಂದುವು.

ಚಿತ್ರವು ಮೊದಲಾಗುವಾಗ ಕಪ್ಪು ತೆರೆಯ ಮೇಲೆ ಒಂಟಿ ಟ್ರಂಪೆಟ್ಟಿನ ಧ್ವನಿ ಕೇಳುತ್ತದೆ. ಅದು ನುಡಿಸುವುದು ವಾಲ್ಟ್ಸ್ ಎಂಬ ಮೂರೆಣಿಕೆಯ ಕುಣಿತದ ಧಾಟಿಯನ್ನು. ಆದರೆ ಕುಣಿಯುವವರು ಯಾರೂ ಇಲ್ಲದುದರಿಂದ ಅದು ಶೋಕದಂತೆ ಕೇಳುತ್ತದೆ. ಅನಂತರ ಮಗಳ ಮದುವೆ. ಹೊರಗೆ ತೋಟದಲ್ಲಿ ಬಿಸಿಲು, ಹಾಡು, ನೃತ್ಯ; ಒಳಗೆ ಕತ್ತಲೆಯ ಕೋಣೆಯಲ್ಲಿ ವೀಟೋ ಜನರ ಮೊರೆಯನ್ನು ಕೇಳುತ್ತಿದ್ದಾನೆ. ತೋಟದಲ್ಲಿ ಹಾಡುವ ಸಿಸಿಲಿಯ ಹಳೆಯ ಹಾಡು ಒಲಸೆ ಬಂದವರ ಊರಿನ ನೆನಪಾದರೆ, ಗಾಯಕ ಜಾನಿ ಫಾಂಟೇನ್ ಹಾಡುವುದು ಇಂಗ್ಲಿಷಿನ ಪ್ರೇಮಗೀತೆ. ಅದರ ಮಾತು ೧೯೪೦ರ ದಶಕದ ಅಮೆರಿಕದ್ದು, ಮಟ್ಟು ಅದಕ್ಕಿಂತ ಹಳೆಯದಾದ ನೇಪಲ್ಸ್ ನಗರದ ಒಂದು ಹಾಡಿನದು. ಹೊಸ ನಾಡಿನ ಮಾತನ್ನು ಹಳೆಯ ನಾಡಿನ ಮಟ್ಟಿಗೆ ಹೊಂದಿಸಿಕೊಂಡು ಬಾಳುವ ಒಂದು ಜನಾಂಗದ ಚರಿತ್ರೆ ಆ ಒಂದು ಹಾಡಿನಲ್ಲಿದೆ.

ಆದರೆ ನಿರ್ದೇಶಕರು ಇಷ್ಟಕ್ಕೇ ನಿಲ್ಲುವುದಿಲ್ಲ. ಫಾಂಟೇನ್ ಹಾಡುತ್ತಿರುವಾಗಲೇ ಮೈಕೇಲನು ತನ್ನ ಗೆಳತಿ ಕೇ ಎಂಬವಳಿಗೆ ಆ ಗಾಯಕನ ಹಿಂದಿನ ಕಥೆಯನ್ನು ಹೇಳುತ್ತಾನೆ: ವಾದ್ಯಮೇಳದ ಒಡೆಯನೊಬ್ಬನ ಕರಾರಿನಲ್ಲಿ ಸಿಕ್ಕಿದ್ದ ಇವನನ್ನು ವೀಟೋ ಬಿಡಿಸಿದುದು ಆ ಒಡೆಯನ ತಲೆಗೆ ಪಿಸ್ತೂಲನ್ನು ಹಿಡಿಸಿ. ಹಾಡು ಇಂಪಾಗಿದೆ, ಆ ಇಂಪಿಗೆ ತೆತ್ತ ಬೆಲೆ ಅದರ ಜತೆಯಲ್ಲಿಯೇ ನಮಗೆ ತಿಳಿಯುತ್ತದೆ. ಕಾಲಗೀತೆಗಳು ವೇಷಭೂಷಣಗಳಂತೆ ಕಾಲವನ್ನು ಸೂಚಿಸುವುದಕ್ಕಷ್ಟೇ ಇವೆಯೆಂದು ಹೇಳುವವರು ಈ ಸಂದರ್ಭವನ್ನು ಗಮನಿಸಬೇಕು. ಇಲ್ಲಿ ಹಾಡು ಸಾಕ್ಷಿಯಾಗಿ ನಿಂತಿದೆ.

ಮದುವೆಯ ಕೊನೆಯಲ್ಲಿ ತಂದೆಯು ಮಗಳ ಕೈಹಿಡಿದು ಕುಣಿಯುತ್ತಾನೆ. ಆಗ ಕೇಳುವ ಮಟ್ಟು ಯಾವುದು? ಮೊದಲು ಕತ್ತಲೆಯಲ್ಲಿ ನಮಗೆ ಮಾತ್ರ ಕೇಳಿಸಿದ ಆ ವಾಲ್ಟ್ಸೇ. ವಿಧಿಯ ಧ್ವನಿಯೆಂದು ನಾವು ತಿಳಿದಿದ್ದುದು ಈಗ ಮನೆಯ ಉತ್ಸವದ ಕುಣಿತವಾಗಿದೆ. ಪಾತಕವನ್ನು ಒಂದು ಕಡೆಗೂ ವಾತ್ಸಲ್ಯವನ್ನು ಇನ್ನೊಂದು ಕಡೆಗೂ ಬೇರ್ಪಡಿಸಿ ನೋಡಬೇಕೆಂದಿದ್ದ ಪ್ರೇಕ್ಷಕನಿಗೆ ಅದು ಸಾಧ್ಯವಾಗದಂತೆ, ಎರಡಕ್ಕೂ ಒಂದೇ ಮಟ್ಟು. ಹೊರಗಿನ ಸಂಗೀತವು ಕಥೆಯ ಒಳಕ್ಕೆ ಬಂದುದರಿಂದ ಹುಟ್ಟಿದ ಧ್ವನ್ಯರ್ಥವಿದು.

ಸಂಗೀತವು ಎಲ್ಲಿ ಇಲ್ಲವೆಂಬುದೂ ವಿಚಾರಾರ್ಹವಾದದ್ದು. ಮೈಕೇಲನು ಭೋಜನಶಾಲೆಯಲ್ಲಿ ಶತ್ರುವನ್ನೂ ಅವನ ಪಕ್ಷದ ಪೊಲೀಸ್ ಅಧಿಕಾರಿಯನ್ನೂ ಕೊಲ್ಲುವ ಸಂದರ್ಭದಲ್ಲಿ ಹಾಡೂ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಶಬ್ದಸಂಯೋಜಕ ವಾಲ್ಟರ್ ಮರ್ಚ್ ಅವರು ಅಲ್ಲಿ ಕಾಣದ ರೈಲಿನ ಕರ್ಕಶಶಬ್ದವನ್ನು ಏರಿಸುತ್ತ ಹೋಗಿ, ಅದು ಅಸಹ್ಯವಾಗುವಷ್ಟಾದಾಗ ಗುಂಡು ಹಾರುವಂತೆ ಮಾಡಿದ್ದಾರೆ. ಪಿಸ್ತೂಲು ಕೈಯಿಂದ ಬಿದ್ದ ಮೇಲೆಯೇ ವಾದ್ಯಗಳು ಮೊದಲಾಗುತ್ತವೆ. ನಿರ್ಧಾರದ ಕ್ಷಣದಲ್ಲಿ ಮೈಕೇಲನಿಗೆ ಜನರ ಹಾಡಿನ ಆಸರೆಯೂ ಇಲ್ಲ, ವಿಧಿಯ ನೆವವೂ ಇಲ್ಲ, ಕೃತ್ಯವು ಅವನೊಬ್ಬನದೇ. ವಾದ್ಯಗಳು ಮೊದಲೇ ಮೊಳಗಿದ್ದರೆ ಈ ಹೊಣೆ ಸಡಿಲವಾಗುತ್ತಿತ್ತು.

ಕೊಲೆಯಾದ ಮೇಲೆ ಮೈಕೇಲನು ಸಿಸಿಲಿಯಲ್ಲಿ ಅಡಗಿದಾಗ ಲೋಕಪ್ರಸಿದ್ಧವಾದ ಪ್ರೇಮದ ಮಟ್ಟು ಕೇಳಿಬರುತ್ತದೆ. ಇದಕ್ಕೆ ಸಂಬಂಧಿಸಿದ ಒಂದು ವಿವಾದವುಂಟು. ಇದೇ ಮಟ್ಟನ್ನು ರೋಟಾ ಅವರು ೧೯೫೮ರ ‘ಫೋರ್ತುನೆಲ್ಲಾ’ ಎಂಬ ಚಿತ್ರದಲ್ಲಿ ಹಾಸ್ಯಕ್ಕೊಪ್ಪುವ ಚುರುಕಾದ ನಡೆಯಲ್ಲಿ ಬಳಸಿದ್ದರು. ಅದು ತಿಳಿದುಬಂದುದರಿಂದ ೧೯೭೩ರಲ್ಲಿ ಆಸ್ಕರ್ ಪ್ರಶಸ್ತಿಯ ಸ್ಪರ್ಧೆಯಿಂದ ಅವರ ಸಂಗೀತವನ್ನು ಹಿಂತೆಗೆಯಲಾಯಿತು. ೧೯೭೪ರ ಎರಡನೆಯ ಭಾಗದ ಸಂಗೀತಕ್ಕಾದರೋ ರೋಟಾ ಮತ್ತು ಕಾರ್ಮೈನ್ ಕೊಪ್ಪೊಲಾ ಇಬ್ಬರಿಗೂ ಆ ಪ್ರಶಸ್ತಿ ದೊರೆಯಿತು. ಮಟ್ಟು ಹೊಸದೇ ಎಂಬ ಪ್ರಶ್ನೆ ನಿಯಮಕ್ಕೆ ಸಂಬಂಧಿಸಿದುದು. ಕಾವ್ಯವಿಚಾರಕ್ಕೆ ಮುಖ್ಯವಾದ ಪ್ರಶ್ನೆ, ಅದೇ ಸ್ವರಪಂಕ್ತಿ ನಡೆಯನ್ನು ನಿಧಾನಿಸಿ ಬೇರೊಂದು ಸ್ಥಾನದಲ್ಲಿ ನಿಂತಾಗ ಹಾಸ್ಯವನ್ನು ಬಿಟ್ಟು ಕರುಣವನ್ನು ಹೇಗೆ ಪಡೆಯಿತೆಂಬುದು. ಶಬ್ದವು ಹಳೆಯದಾದರೂ ಪ್ರಯೋಗವು ಹೊಸ ಅರ್ಥವನ್ನು ಕೊಡುವುದನ್ನು ಸಾಹಿತ್ಯದ ಅಭ್ಯಾಸಿಗಳು ಬಲ್ಲರು.

ಚಿತ್ರದ ಕೊನೆಯ ಭಾಗದಲ್ಲಿ ಮದುವೆಗೆ ಪ್ರತಿಬಿಂಬವೆಂಬಂತೆ ಇನ್ನೊಂದು ಸಂಸ್ಕಾರ ಬರುತ್ತದೆ. ತಂಗಿಯ ಮಗುವಿನ ದೀಕ್ಷಾಸ್ನಾನದಲ್ಲಿ ಮೈಕೇಲನು ಧರ್ಮಪಿತನಾಗಿ ನಿಂತು ಪಿಶಾಚನನ್ನು ತ್ಯಜಿಸುವೆನೆಂದು ಪ್ರತಿಜ್ಞೆಮಾಡುತ್ತಿರುವಾಗ, ಅವನ ಆಜ್ಞೆಯಂತೆ ಶತ್ರುಗಳೆಲ್ಲ ಬೇರೆಬೇರೆ ಕಡೆ ಹತರಾಗುತ್ತಾರೆ. ಇಗರ್ಜಿಯ ಆರ್ಗನ್ ವಾದ್ಯದಲ್ಲಿ ನುಡಿಯುವ ಸಂಗೀತದಲ್ಲಿ ಬಾಖ್ ಎಂಬ ಮಹಾವಾಗ್ಗೇಯಕಾರನ ರಚನೆಗಳ ಭಾಗಗಳಿವೆ. ಸಂಸ್ಕಾರದ ಅಂಗವಾಗಿದ್ದ ಆ ವಾದ್ಯ ಇಗರ್ಜಿಯ ಗೋಡೆಗಳನ್ನು ದಾಟಿ ಕೊಲೆಗಳ ಮೇಲೂ ಹರಿದು ಅವುಗಳಿಗೆ ಹಿನ್ನೆಲೆಯಾಗುತ್ತದೆ. ಮದುವೆಯಲ್ಲಿ ಹೊರಗಿನದು ಒಳಕ್ಕೆ ಬಂದಿತ್ತು; ಇಲ್ಲಿ ಒಳಗಿನದು ಹೊರಕ್ಕೆ ಹೋಗಿದೆ. ಮೊದಲನೆಯದರಲ್ಲಿ ವಿಧಿಯು ವಾತ್ಸಲ್ಯದ ರೂಪವನ್ನು ತಳೆಯಿತು. ಎರಡನೆಯದರಲ್ಲಿ ಪ್ರಾರ್ಥನೆಯು ಹಿಂಸೆಗೆ ತಾಳವಾಯಿತು. ತಂದೆಗೂ ಮಗನಿಗೂ ಇರುವ ಅಂತರವನ್ನು ಯಾವ ಸಂಭಾಷಣೆಯೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ.

ಮುಂದಿನ ಎರಡು ಭಾಗಗಳು ಈ ವಿಧಾನವನ್ನೇ ಬೆಳೆಸುತ್ತವೆ. ಎರಡನೆಯ ಭಾಗದಲ್ಲಿ, ೧೯೫೮ರಲ್ಲಿ, ಮೈಕೇಲನ ಮನೆಯ ಉತ್ಸವದಲ್ಲಿ ಪೆಂಟಾಂಜೆಲಿ ಎಂಬ ಹಳಬನು ವಾದ್ಯದವರಿಂದ ತಾರಾಂತೆಲ್ಲಾ ಎಂಬ ಊರ ಕುಣಿತವನ್ನು ನುಡಿಸಲು ಹವಣಿಸಿದರೆ, ಅವರಿಗೆ ಅದು ತಿಳಿಯದೆ ಇಂಗ್ಲಿಷಿನ ಒಂದು ಮಕ್ಕಳ ಹಾಡಿಗೆ ಜಾರುತ್ತಾರೆ. ಪ್ರೇಕ್ಷಕರು ನಗುತ್ತಾರೆ, ಆದರೆ ಹದಿಮೂರು ವರ್ಷಗಳ ಹಿಂದಿನ ಮದುವೆಯ ತೋಟವನ್ನು ನೆನೆದವರಿಗೆ ಒಂದು ಸಮುದಾಯವೇ ಕಳೆದುಹೋದುದು ಅರಿವಾಗುತ್ತದೆ. ಮೂರನೆಯ ಭಾಗದಲ್ಲಿ (೧೯೯೦) ಮೈಕೇಲನ ಮಗನು ಸಿಸಿಲಿಯಲ್ಲಿ ತಂದೆಯ ಮುಂದೆ ಒಂದು ಹಾಡನ್ನು ಹಾಡುತ್ತಾನೆ. ಅದರ ಮಟ್ಟು ಆ ಹಿಂದಿನ ಪ್ರೇಮದ ಮಟ್ಟೇ. ಈಗ ಅದಕ್ಕೆ ಸಿಸಿಲಿಯ ನುಡಿಯಲ್ಲಿ ಮಾತುಗಳು ಕೂಡಿವೆ. ಹಿನ್ನೆಲೆಯಾಗಿದ್ದುದು ಮಗನ ಕಂಠದಿಂದ ಹಾಡಾಗಿ ಬಂದು ಮುದುಕನಾದ ತಂದೆಯ ಕಿವಿಯನ್ನು ಮುಟ್ಟುತ್ತದೆ. ಅವನು ಸತ್ತ ಹೆಂಡತಿಯನ್ನು ನೆನೆದು ನೋಯುತ್ತಾನೆ.

ಇದರಿಂದ ಪಾಠಹೇಳುವವರಿಗೆ ಒದಗುವ ಪ್ರಯೋಜನವೊಂದುಂಟು. ಚಿತ್ರದ ಸಂಗೀತವನ್ನು ವಿಮರ್ಶಿಸುವಾಗ ಇಂಪಾಗಿದೆಯೇ, ಕಾಲಕ್ಕೆ ಒಪ್ಪಿದೆಯೇ ಎಂಬ ಎರಡು ಪ್ರಶ್ನೆಗಳಲ್ಲಿಯೇ ನಾವು ತೃಪ್ತರಾಗಬಾರದು. ಈ ಧ್ವನಿ ಯಾರಿಗೆ ಕೇಳಿಸುತ್ತಿದೆ, ಹಿಂದೆ ಯಾರಿಗೆ ಕೇಳಿಸುತ್ತಿತ್ತು ಎಂದು ಕೇಳಬೇಕು. ನಾಟಕದಲ್ಲಿ ಸ್ವಗತ, ಪ್ರಕಾಶ, ಜನಾಂತಿಕಗಳೆಂದು ಮಾತನ್ನು ಕೇಳುಗರಿಗೆ ತಕ್ಕಂತೆ ವಿಂಗಡಿಸಿದ ಪರಂಪರೆ ನಮ್ಮದು; ಸಂಗೀತಕ್ಕೂ ಅದೇ ವಿವೇಕವನ್ನು ಅನ್ವಯಿಸುವುದು ನಮಗೆ ಕಷ್ಟವಾಗಲಾರದು.