ಎಲ್ಲ ದುಂಬಿಯೂ ಬೆಳೆಯ ಶತ್ರುವಲ್ಲ

ಎಲೆ ಮೇಯುವ ದುಂಬಿ ಕಂಡೊಡನೆ ಔಷಧಿ ಹೊಡೆಯುವ ಮುನ್ನ, ಅದು ಯಾವ ಎಲೆ ತಿನ್ನುತ್ತಿದೆ ಎಂದು ನೋಡಿ. ದುಂಬಿಗಳೆಲ್ಲದರ ಊಟ ಒಂದೇ ಅಲ್ಲ: ಸಗಣಿ ಹುಳುವಿಗೆ ಸಗಣಿಯೇ ಊಟ. ಗುಲಗಂಜಿ ಹುಳುಗಳಲ್ಲಿ ಹಲವು ಸಸ್ಯಹೇನುಗಳನ್ನು ತಿಂದು ಬೆಳೆ ಕಾಯುತ್ತವೆ. ಎಲೆದುಂಬಿಗಳಲ್ಲಿ ಅನೇಕವು ಕೆಲವೇ ಜಾತಿಯ ಗಿಡಗಳಿಗೆ ಅಂಟಿಕೊಂಡಿರುತ್ತವೆ. ಈ ಹಟವನ್ನೇ ನಂಬಿ ವಿಜ್ಞಾನಿಗಳು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕನ್ ದುಂಬಿಯನ್ನು ಕಾಂಗ್ರೆಸ್ ಕಳೆಯ ಮೇಲೆ ಬಿಟ್ಟರು. ಮಳೆಗಾಲದಲ್ಲಿ ಮರಿಹುಳುಗಳೂ ದುಂಬಿಗಳೂ ಸೇರಿ ಆ ಕಳೆಯನ್ನು ಬೋಳಿಸುತ್ತವೆ.

‘ಸೂರ್ಯಕಾಂತಿಯನ್ನೂ ತಿಂದಿತಲ್ಲ?’ ಎಂದು ಕೇಳಬಹುದು. ನಿಜ, ಕೆಲವು ಹೊಲಗಳಲ್ಲಿ ಅದು ಕಂಡು ಆತಂಕ ಎದ್ದಿತ್ತು. ಆದರೆ ಪರೀಕ್ಷಿಸಿ ನೋಡಿದಾಗ, ಕಾಂಗ್ರೆಸ್ ಕಳೆಯ ಮೇಲೆ ಬೆಳೆದಂತೆ ಅದರ ಸಂತಾನ ಸೂರ್ಯಕಾಂತಿಯ ಮೇಲೆ ಬೆಳೆಯಲಿಲ್ಲ. ಒಣಗಾಲದಲ್ಲಿ ಇದು ಮಣ್ಣಿನಡಿ ಅಡಗುವುದರಿಂದ ಕಳೆ ಪೂರ್ತಿ ಅಳಿಯದು. ಆದರೂ ಕೂಲಿಯಿಲ್ಲದೆ ಕಳೆ ಕೀಳುವ ಈ ಜೀವವನ್ನು ಗುರುತಿಸದೆ ಕೊಲ್ಲಬೇಡಿ.