ಒಂದು ಟನ್ ಉಕ್ಕು, ಎರಡು ಲೆಕ್ಕ

ಕಂಪನಿಗಳ ಲಾಭ–ನಷ್ಟದ ಪಟ್ಟಿಯಲ್ಲಿ ‘ಬಳಸಿದ ಕಚ್ಚಾವಸ್ತುಗಳ ವೆಚ್ಚ’ ಎಂಬ ಸಾಲೊಂದಿರುತ್ತದೆ. ಟಾಟಾ ಸ್ಟೀಲ್ ಮತ್ತು ಜೆಎಸ್‌ಡಬ್ಲ್ಯು ಸ್ಟೀಲ್‌ನ ಈ ಸಾಲುಗಳನ್ನು ಅಕ್ಕಪಕ್ಕ ಇಟ್ಟು, ಆದಾಯದಲ್ಲಿ ಶೇಕಡಾ ಎಷ್ಟೆಂದು ಲೆಕ್ಕ ಹಾಕಿ, ಟಾಟಾದವರೇ ಜಾಣರು ಎಂದು ತೀರ್ಪು ಕೊಡುವವರು ಪ್ರತಿ ತ್ರೈಮಾಸಿಕಕ್ಕೂ ಸಿಗುತ್ತಾರೆ. ಅದಿರು ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಒಂದು ಟನ್ ಉಕ್ಕಿಗೆ ಸುಮಾರು 1.6 ಟನ್ ಅದಿರು ಬೇಕು. ಟಾಟಾದ ಭಾರತದ ಕುಲುಮೆಗಳಿಗೆ ಅದು ಬರುವುದು ನೋವಾಮುಂಡಿ, ಜೋಡಾದಂಥ ಸ್ವಂತ ಗಣಿಗಳಿಂದ. ಹಳೆಯ ಗುತ್ತಿಗೆ, ಹರಾಜಿನ ಪ್ರೀಮಿಯಂ ಇಲ್ಲ. ಅಗೆದವರ ಕೂಲಿ ಸಂಬಳದ ಸಾಲಿಗೆ, ರಾಯಧನ ಮತ್ತು ರೈಲು ಬಾಡಿಗೆ ‘ಇತರೆ ವೆಚ್ಚ’ಕ್ಕೆ ಸೇರುತ್ತವೆ. ಕಚ್ಚಾವಸ್ತುವಿನ ಸಾಲು ತೆಳ್ಳಗೆ ಕಾಣುವುದರಲ್ಲಿ ಆಶ್ಚರ್ಯವೇನು?

ತೋರಣಗಲ್ಲಿನಲ್ಲಿರುವ ಜೆಎಸ್‌ಡಬ್ಲ್ಯು ಕಾರ್ಖಾನೆಯ ಕಥೆ ಬೇರೆ. ಅದಿರಿನ ಮಗ್ಗುಲಲ್ಲೇ ಕಟ್ಟಿದ ಕಾರ್ಖಾನೆ ಬಹುಕಾಲ ಅದಿರನ್ನು ಕೊಂಡೇ ತಂದಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ, ಬೆಟ್ಟ ಕಣ್ಣೆದುರಿಗಿದ್ದೂ ಉತ್ಪಾದನೆ ತಗ್ಗಿಸಬೇಕಾಯಿತು. 2015ರಲ್ಲಿ ಕಾನೂನು ತಿದ್ದಿದ ಮೇಲೆ ಗಣಿ ಬೇಕೆಂದರೆ ಹರಾಜಿಗೇ ಹೋಗಬೇಕು. 2020ರಲ್ಲಿ ಒಡಿಶಾದ ನಾಲ್ಕು ಗಣಿಗಳಿಗೆ ಸರ್ಕಾರಕ್ಕೆ ಕೊಡುವ ಪ್ರೀಮಿಯಂ ಎಂದು ಜೆಎಸ್‌ಡಬ್ಲ್ಯು ಕೂಗಿದ್ದು ಅದಿರಿನ ಸರಾಸರಿ ಮಾರಾಟ ಬೆಲೆಯ ಶೇ 90ಕ್ಕೂ ಮೇಲೆ. ಕೆಲವಕ್ಕೆ ಶೇ 100ನ್ನೂ ದಾಟಿತು. ಗಣಿ ಕೈಗೆ ಬಂದರೂ ಅದಿರು ಅಗ್ಗವಾಗಲಿಲ್ಲ.

ಉಳಿತಾಯಕ್ಕೆ ಜೆಎಸ್‌ಡಬ್ಲ್ಯು ಬೇರೆ ದಾರಿ ಹುಡುಕಿತು. ಸಂಡೂರು ತಾಲ್ಲೂಕಿನ ನಂದಿಹಳ್ಳಿಯಿಂದ ಕಾರ್ಖಾನೆಗೆ ಸುಮಾರು 24 ಕಿ.ಮೀ. ಉದ್ದದ ಪೈಪ್ ಕನ್ವೇಯರ್ ಇದೆ. ರಬ್ಬರ್ ಪಟ್ಟಿ ಕೊಳವೆಯಂತೆ ಸುತ್ತಿಕೊಂಡು, ಅದಿರನ್ನು ಒಳಗಿಟ್ಟುಕೊಂಡು ಸಾಗುತ್ತದೆ. ಸಂಡೂರಿನ ರಸ್ತೆಗಳಲ್ಲಿ ಕೆಂಪು ದೂಳೆಬ್ಬಿಸುವ ಲಾರಿಗಳ ಸಾಲು ಕಂಡವರಿಗೆ ಇದರ ಬೆಲೆ ಗೊತ್ತು. ಲೆಕ್ಕದಲ್ಲಾದರೋ ಲಾರಿ ಬಾಡಿಗೆ ಇಳಿದು, ಸವಕಳಿಯ ಬಾಬ್ತು ಏರುತ್ತದೆ.

ಕೋಕಿಂಗ್ ಕಲ್ಲಿದ್ದಲಿನ ಬಿಸಿ ಮಾತ್ರ ಇಬ್ಬರಿಗೂ ತಟ್ಟುತ್ತದೆ. 2022ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಕಲ್ಲಿದ್ದಲು ಟನ್ನಿಗೆ 600 ಡಾಲರ್ ದಾಟಿದಾಗ, ಝರಿಯಾದಲ್ಲಿ ಸ್ವಂತ ಗಣಿ ಇರುವ ಟಾಟಾ ಕೂಡ ಪಾರಾಗಲಿಲ್ಲ. ಅಂದಹಾಗೆ, ಟಾಟಾದ ಕ್ರೋಡೀಕೃತ ಲೆಕ್ಕದಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ಘಟಕಗಳೂ ಇವೆ; ಹೋಲಿಸುವವರು ಭಾರತದ ಲೆಕ್ಕವನ್ನಷ್ಟೇ ಹಿಡಿಯುವುದು ಕ್ಷೇಮ.

ಟಾಟಾದ ಆ ಹಳೆಯ ಗುತ್ತಿಗೆಗಳ ಅವಧಿ 2030ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕಾನೂನು ಹೀಗೇ ಇದ್ದರೆ ಆಮೇಲೆ ಅವೂ ಹರಾಜಿಗೆ. 2022ರಲ್ಲಿ ₹12,100 ಕೋಟಿ ಕೊಟ್ಟು ನೀಲಾಚಲ್ ಇಸ್ಪಾತ್ ಎಂಬ ಉಕ್ಕು ಕಂಪನಿಯನ್ನು ಕೊಂಡಾಗ ಟಾಟಾಗೆ ಕಾರ್ಖಾನೆಯ ಜೊತೆ ಒಂದು ಗಣಿಯೂ ಸಿಕ್ಕಿತು. 2030ರ ಗಡುವನ್ನು ನೆನೆದರೆ, ನನ್ನ ಪ್ರಕಾರ ಆ ವ್ಯಾಪಾರದಲ್ಲಿ ಕುಲುಮೆಗಿಂತ ಗಣಿಯೇ ದೊಡ್ಡ ಆಸ್ತಿ.