ಮುಯ್ಯಿಗೆ ಲೆಕ್ಕವುಂಟು, ಫೋಟೊಗೆ?

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಕಡೆಯ ಮದುವೆಗಳಲ್ಲಿ ಮುಯ್ಯಿ ಬರೆಯಲು ಒಬ್ಬರು ಪುಸ್ತಕ ಹಿಡಿದು ಕೂರುವುದುಂಟು. ನೆಂಟರು ತೆಗೆದ ಫೋಟೊಗಳಿಗೆ ಮಾತ್ರ ಅಂಥ ಲೆಕ್ಕವಿಲ್ಲ.

ರೀಲಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರ. ಸ್ಟುಡಿಯೊದವರ ಕ್ಯಾಮೆರಾ ಹೆಚ್ಚಾಗಿ ಧಾರೆಮಂಟಪದ ಸುತ್ತಲೇ. 1986ರಲ್ಲಿ ಜಪಾನಿನ ಫ್ಯೂಜಿ ಕಂಪನಿ ಒಮ್ಮೆ ಬಳಸಿ ಕೊಟ್ಟುಬಿಡುವ ಕ್ಯಾಮೆರಾ ತಂದಿತು. ಮುಂದೆ ಪಶ್ಚಿಮದ ಮದುವೆಗಳಲ್ಲಿ ಅದನ್ನು ಊಟದ ಮೇಜಿನ ಮೇಲಿಟ್ಟು, ಕೊನೆಗೆ ಕೂಡಿಸಿಕೊಳ್ಳುವ ರೂಢಿ ಬಂತು. ನಮ್ಮಲ್ಲಿ ತೆಗೆಯುವ ಕೆಲಸವನ್ನು ಮೊಬೈಲ್ ಮಾಡಿತು. ಕೂಡಿಸುವವರು ಯಾರೂ ಇಲ್ಲ. ಚಪ್ಪರದ ಮೂಲೆಯಲ್ಲಿ ಎಲೆಯಡಿಕೆ ಮಡಿಸುತ್ತಿದ್ದ ಅಜ್ಜಿಯ ಚಿತ್ರ ಯಾರದೋ ಫೋನಿನಲ್ಲಿರುತ್ತದೆ. ಫೋನ್ ಕೆಟ್ಟರೆ ಅದೂ ಹೋಯಿತು.

ವಾಟ್ಸ್ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಕಟ್ಟು ಹಾಕಿಸಲು ದೊಡ್ಡದು ಮಾಡಿದಾಗ ಮುಖ ಕಲಸಿಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮೂಲ ಹಾಗೇ ಬರುತ್ತದೆ. ನೆಂಟರು ಮತ್ತೆ ಸೇರುವ ಬೀಗರೂಟದ ದಿನ ಮನೆಯ ಹುಡುಗನೊಬ್ಬ ಕೂತು ಎಲ್ಲರಿಂದ ಇಸಿದುಕೊಂಡರೆ ಆಯಿತು.